ಶಿಲುಬೆ ಚಿತ್ರದ ಬಲಗಡೆಯ ಕದ

ಮಗು ಬದುಕಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಸಂಗತಿ ಹೇಳಲು ಹೊರಟಾಗಲೆಲ್ಲ ಕೇಳುವವರು ನಡುವೆ ಬಾಯಿ ಹಾಕಿ ಮಗುವಿಗೆ ಏನಾಯಿತು ಅನ್ನುತ್ತಾರೆ. ಬದುಕಿತು ಎಂದ ಕೂಡಲೇ ಉಸಿರು ಬಿಟ್ಟು, ಹಾಗಾದರೆ ಎಲ್ಲ ಒಳ್ಳೆಯದೇ ಆಯಿತಲ್ಲ ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಏನೂ ಒಳ್ಳೆಯದಾಗಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಗದಗಿನ ಕಡೆಯವನು, ಚಿತ್ರ ಬರೆಯುವ ಮನೆತನದವನು. ನಮ್ಮಜ್ಜ ಗುಡಿಯ ಗೋಡೆಗೆ, ಪಲ್ಲಕ್ಕಿಗೆ, ಗಣಪತಿಗೆ ಬಣ್ಣ ಹಾಕುತ್ತಿದ್ದ. ನಾನು ಕುವೈತಿನ ಶುವೈಖ್‌ನಲ್ಲಿ ಟೈರ್ ಅಂಗಡಿಗಳ ಬೋರ್ಡಿಗೆ ಬಣ್ಣ ಹಾಕುತ್ತಿದ್ದೆ. ನಮ್ಮ ಕಂಪನಿಗೆ ಒಂದೇ ಕಂಪೌಂಡಿನಲ್ಲಿ ಎರಡು ಷೆಡ್ಡು. ಒಂದರಲ್ಲಿ ಲಾರಿ ಗ್ಯಾರೇಜು, ಇನ್ನೊಂದರಲ್ಲಿ ಬೋರ್ಡ್ ಬರೆಯುವ ನಾವು ನಾಲ್ಕು ಜನ. ವೀಸಾ ಕೊಟ್ಟ ಕಫೀಲ್ ಯಾರೋ, ಅವನ ಮುಖವನ್ನು ನಾವು ನೋಡಿದ್ದೇ ಇಲ್ಲ. ನಮ್ಮ ಪಾಲಿಗೆ ಕಂಪನಿ ಅಂದರೆ ಮಿರ್ಕಾಬ್‌ನ ಆಫೀಸಿನಲ್ಲಿ ಕೂರುತ್ತಿದ್ದ ಮ್ಯಾನೇಜರ್. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು. ಎತ್ತರದ ದನಿಯಲ್ಲಿ ಒಂದು ಮಾತು ಆಡಿದವರಲ್ಲ, ಕೂಲಿಯವನಿಗೂ ಬಹುವಚನ. ಅವರ ಕುರ್ಚಿಯ ಹಿಂದೆ ಒಂದು ಹಸಿರು ಕಬ್ಬಿಣದ ಕಪಾಟಿತ್ತು. ನಮ್ಮೆಲ್ಲರ ಪಾಸ್‌ಪೋರ್ಟು ಅದರೊಳಗೆ, ಬೀಗದ ಕೈ ಅವರ ಜೇಬಿನೊಳಗೆ.

ಆ ವರ್ಷ ಫೆಬ್ರವರಿಯಲ್ಲಿ ಅವರು ನನ್ನನ್ನು ಆಫೀಸಿಗೆ ಕರೆಸಿ ಒಂದು ಕ್ಯಾಲೆಂಡರಿನ ಹಾಳೆ ಮುಂದಿಟ್ಟರು. ಜರ್ಮನಿಯಲ್ಲಿದ್ದ ಅವರ ನೆಂಟರು ಕಳಿಸಿದ್ದು. ಐನೂರು ವರ್ಷ ಹಿಂದಿನ ಚಿತ್ರವಂತೆ, ಯಾವುದೋ ಊರಿನ ಇಗರ್ಜಿಯ ಪೀಠದ ಮೇಲಿರುವುದು. ನಡುವೆ ದೊಡ್ಡ ಹಲಗೆ, ಎರಡೂ ಪಕ್ಕದಲ್ಲಿ ಕಪಾಟಿನ ಹಾಗೆ ಮುಚ್ಚಿ ತೆರೆಯುವ ಎರಡು ಕದ. ನಡುವಿನ ಹಲಗೆಯಲ್ಲಿ ಶಿಲುಬೆಯ ಮೇಲೆ ಏಸು. ಎಡಗಡೆಯ ಕದದಲ್ಲಿ ತುಪ್ಪಳದ ಅಂಚಿನ ಕೋಟು ತೊಟ್ಟ ಒಬ್ಬ ಶ್ರೀಮಂತ ಪ್ರಾರ್ಥನೆಯ ಪುಸ್ತಕ ಹಿಡಿದು ಮೊಣಕಾಲೂರಿದ್ದಾನೆ. ಬಲಗಡೆಯ ಕದದಲ್ಲಿ ಮುಸುಕು ಹೊದ್ದ ಅವನ ಹೆಂಡತಿ. ಇವರು ಯಾರು ಸರ್, ಸಂತರೋ ಎಂದು ಕೇಳಿದೆ.

"ಅಲ್ಲ ಮಾರಾಯ್ರೆ. ಅವರು ಚಿತ್ರ ಮಾಡಿಸಿಕೊಟ್ಟವರು, ದಾನಿಗಳು. ಆಗಿನ ಕಾಲದಲ್ಲಿ ಹಾಗೆ ಕ್ರಮ ಇತ್ತು" ಎಂದರು. ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿ, "ನಮಗೂ ಹೀಗೇ ಒಂದು ಬೇಕಿತ್ತು" ಎಂದರು.

ಸಿಟಿಯ ಹಳೆಯ ಕಟ್ಟಡವೊಂದರ ನೆಲಮಾಳಿಗೆಯನ್ನು ಅವರ ಕೊಂಕಣಿ ಸಂಘ ಬಾಡಿಗೆಗೆ ಹಿಡಿದಿತ್ತು. ಅವರೇ ಅಧ್ಯಕ್ಷರು. ಶುಕ್ರವಾರ ಅಲ್ಲಿ ಪ್ರಾರ್ಥನೆ, ಉಳಿದ ದಿನ ಮಕ್ಕಳ ಕರಾಟೆ ಕ್ಲಾಸು. ಆದ್ದರಿಂದ ಮುಚ್ಚಿಡುವಂಥ ಚಿತ್ರವೇ ಬೇಕಿತ್ತು. ಗುಡ್ ಫ್ರೈಡೆಯ ದಿನ ತೆರೆಯಬೇಕು, ಎಡಗಡೆಯ ಕದದಲ್ಲಿ ಅವರು, ಬಲಗಡೆಯಲ್ಲಿ ಅವರ ಹೆಂಡತಿ.

ನನಗೆ ಎಷ್ಟು ಹಿಗ್ಗಾಯಿತು ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆರು ವರ್ಷ ಬ್ಯಾಟರಿ, ಬ್ರೇಕ್, ಪಂಚರ್ ಎಂದು ಬರೆದ ಕೈ. ಅಷ್ಟರಲ್ಲಿ ಫ್ಲೆಕ್ಸ್ ಮಶೀನು ಬಂದು ನಮ್ಮ ಷೆಡ್ಡಿನ ಕೆಲಸವೂ ಸೊರಗುತ್ತಿತ್ತು. ಬೋರ್ಡ್ ಕೆಲಸದಿಂದ ಅರ್ಧ ದಿನ ಬಿಡುವು ಕೊಡಿಸಿ, ಒಳ್ಳೆಯ ಪ್ಲೈವುಡ್ಡು, ಟ್ಯೂಬಿನ ಎಣ್ಣೆಬಣ್ಣ ತರಿಸಿಕೊಟ್ಟರು. ನಾನು ನೆಲದಿಂದ ಒಂದು ಗೇಣು ಮೇಲೆ ನಡೆಯತೊಡಗಿದೆ.

ಆ ಏಸು ನಮ್ಮೂರಿನ ಕ್ರೈಸ್ತರ ಮನೆಯ ಕ್ಯಾಲೆಂಡರಿನ ಏಸುವಲ್ಲ. ಕೆನ್ನೆ ಬತ್ತಿದೆ, ಪಕ್ಕೆಲುಬು ಎಣಿಸಬಹುದು, ಚರ್ಮಕ್ಕೆ ಹಸಿರು ತಿರುಗಿದೆ. ಮೊಳೆ ಹೊಡೆದ ಅಂಗೈಯ ಬೆರಳುಗಳು ಒಂದೊಂದೂ ಒಂದೊಂದು ದಿಕ್ಕಿಗೆ ಸೆಟೆದಿವೆ. ಬರೆದವನು ಯಾರೋ, ನೋವು ನೋಡಿದ್ದವನು. ಆ ಕೈಗಳನ್ನು ಹಾಳೆ ನೋಡಿ ಬರೆಯಲು ಸಾಧ್ಯವೇ ಇರಲಿಲ್ಲ. ನಾಲ್ಕು ಸಲ ಬರೆದು ನಾಲ್ಕು ಸಲವೂ ಅಳಿಸಿದೆ.

ನನ್ನ ರೂಮಿನಲ್ಲಿ ಗ್ಯಾರೇಜಿನ ಮೆಕ್ಯಾನಿಕ್ ಒಬ್ಬನಿದ್ದ. ನಮ್ಮ ಕಡೆಯವನೇ, ರೋಣದ ಹತ್ತಿರದ ಹಳ್ಳಿ. ಮಾತು ಕಡಿಮೆ, ಉದ್ದನೆಯ ಕೈ, ಗ್ರೀಸು ಕೂತು ಕಪ್ಪಾದ ಉಗುರು. ಲಾರಿಯ ಕೆಳಗೆ ಮಲಗಿ ಮಲಗಿ ತೋಳಿನ ನರ ಹಗ್ಗದಂತೆ ಎದ್ದಿದ್ದವು. ಒಂದು ಶುಕ್ರವಾರ ಮಧ್ಯಾಹ್ನ ಅವನನ್ನು ಎರಡಂತಸ್ತಿನ ಮಂಚದ ಮೇಲಿನ ಸರಳಿಗೆ ಜೋತುಬೀಳಿಸಿ, ಕೈ ಸೋತು ಬೆರಳು ಬಿಡಿಸಿಕೊಳ್ಳುವ ತನಕ ಕಾದು ಬರೆದುಕೊಂಡೆ. "ಲೇ, ದೇವರನ್ನ ಮಾಡ್ತೀಯೋ, ನನ್ನ ಕೊಲ್ತೀಯೋ?" ಎಂದು ನಕ್ಕ. ಚಿತ್ರದ ಎಡಗಡೆಯ ಕೈ ಅವತ್ತು ಕೂತಿತು. ಬಲಗಡೆಯದು ಬಾಕಿ ಉಳಿಯಿತು.

ಅವನಿಗೆ ಐದು ವರ್ಷದ ಮಗಳಿದ್ದಳು. ಹೃದಯದಲ್ಲಿ ರಂಧ್ರ. ಓಡಿದರೆ ತುಟಿ ನೀಲಿಯಾಗುತ್ತದೆ ಎಂದು ಹೆಂಡತಿ ಕಾಗದ ಬರೆಯುತ್ತಿದ್ದಳು. ಮಾರ್ಚಿನಲ್ಲಿ ಫೋನ್ ಬಂತು. ಬೆಳಗಾವಿಯ ಆಸ್ಪತ್ರೆಯಲ್ಲಿ ಆಪರೇಶನ್‌ಗೆ ದಿನ ಸಿಕ್ಕಿದೆ. ಗುಡ್ ಫ್ರೈಡೆಗೆ ನಾಲ್ಕು ದಿನ ಮುಂಚಿನ ಸೋಮವಾರ. ಮಗುವಿನದು ಒಂದೇ ಹಟ: ಅಪ್ಪ ಬಾಗಿಲ ತನಕ ಬಂದರೆ ಮಾತ್ರ ಒಳಗೆ ಹೋಗುತ್ತೇನೆ.

ಅವನು ರಜೆ ಕೇಳಿದ. ಮ್ಯಾನೇಜರ್ ಕೊಡುವುದಿಲ್ಲ ಎನ್ನಲಿಲ್ಲ. ಅವರು ಯಾರಿಗೂ ಹಾಗೆ ಹೇಳುವವರಲ್ಲ. "ಪ್ರೊಸೀಜರ್ ಉಂಟಲ್ಲ" ಎಂದು ಒಂದು ಫಾರಂ ಕೊಟ್ಟರು. ಅವಧಿಗೆ ಮೊದಲು ಊರಿಗೆ ಹೋಗುವವನಿಗೆ ಪಾಸ್‌ಪೋರ್ಟು ಬಿಡಬೇಕಾದರೆ ಅದೇ ಕಂಪನಿಯ ಇನ್ನೊಬ್ಬ ಕೆಲಸಗಾರ ಜಾಮೀನು ನಿಲ್ಲಬೇಕು. ಹೋದವನು ಮರಳಿ ಬರುವ ತನಕ ಜಾಮೀನು ನಿಂತವನಿಗೆ ರಜೆಯಿಲ್ಲ. ಅವನು ಬರದೇ ಹೋದರೆ ಇವನೂ ಹೊರಡುವ ಹಾಗಿಲ್ಲ. ಎಲ್ಲರ ಕೊರಳಿಗೂ ಒಂದೇ ಹಗ್ಗ ಕಟ್ಟಿ ಕೊನೆಯನ್ನು ನಮ್ಮ ಕೈಗೇ ಕೊಟ್ಟಿದ್ದರು. ಇದನ್ನು ಯೋಚಿಸಿದ ತಲೆ ಯಾವುದೋ, ಅದಕ್ಕೆ ನನ್ನ ಧಿಕ್ಕಾರ.

ಅವನು ಫಾರಂ ತಂದು ನನ್ನ ಮಂಚದ ಮೇಲಿಟ್ಟ. "ಒಂದ್ ಸಹಿ ಹಾಕೋ. ಎರಡು ತಿಂಗಳದಾಗ ಬಂದ್ಬಿಡ್ತೀನಿ. ನನ್ನ ಮಗಳ ಆಣಿ."

ಮೇ ತಿಂಗಳಲ್ಲಿ ನನ್ನ ಮದುವೆ ಇತ್ತು. ಪತ್ರಿಕೆ ಇನ್ನೂ ಅಚ್ಚಾಗಿರಲಿಲ್ಲ, ಒಂದು ತಿಂಗಳು ಮುಂದಕ್ಕೆ ಹಾಕಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಮದುವೆಗಾಗಿ ಸಹಿ ಹಾಕುವುದಿಲ್ಲ ಎಂದು ನೇರವಾಗಿ ಹೇಳುವ ಧೈರ್ಯವೂ ನನಗಿರಲಿಲ್ಲ. ನಾನು ದೊಡ್ಡ ಮನುಷ್ಯನ ಹಾಗೆ ಅಂದೆ: "ಈ ಕಾಗದಾ ಎಲ್ಲಾ ಯಾಕ ಬೇಕೋ? ನಾ ಮ್ಯಾನೇಜರ್ ಹತ್ರ ಮಾತಾಡ್ತೀನಿ. ಅವರ ಮಾರಿ ಬರಿಯಾಕತ್ತೀನಿ, ನನ್ನ ಮಾತು ತಗದ ಹಾಕೂದಿಲ್ಲ."

ಅವನು ನಂಬಿದ. ಅದಕ್ಕಿಂತ ಕೆಟ್ಟದ್ದೆಂದರೆ, ನಾನೂ ನಂಬಿದೆ. ನನ್ನ ಕುಂಚಕ್ಕೆ ಕಪಾಟಿನ ಬೀಗ ತೆಗೆಯುವ ಶಕ್ತಿ ಇದೆಯೆಂದುಕೊಂಡೆ.

ಮ್ಯಾನೇಜರ್ ಸಂಜೆ ನೆಲಮಾಳಿಗೆಗೆ ಬಂದು, ಟೈ ಸರಿಮಾಡಿಕೊಂಡು, ಕರಾಟೆ ಮ್ಯಾಟಿನ ಮೇಲೆ ಮೊಣಕಾಲೂರಿ ನನಗೆ ಮುಖ ಕೊಡುತ್ತಿದ್ದರು. ಹೆಂಡತಿ ಒಂದೇ ಒಂದು ಸಲ ಬಂದರು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು, ಡ್ಯೂಟಿ ಮುಗಿಸಿ ಅದೇ ಬಟ್ಟೆಯಲ್ಲಿ ಬಂದಿದ್ದರು. ಅರ್ಧ ಮುಗಿದ ಶಿಲುಬೆಯನ್ನು ಬಹಳ ಹೊತ್ತು ನೋಡಿ, "ನನ್ನನ್ನು ಇದರ ಪಕ್ಕ ಕೂರಿಸುದು ಬೇಡ. ನಾನು ಎಂತ ಮಾಡಿದ್ದೇನೆ ಅಲ್ಲಿ ಕೂರ್ಲಿಕ್ಕೆ?" ಎಂದು ಹೊರಟುಹೋದರು. ಹಾಗೆ ಬಲಗಡೆಯ ಕದ ಖಾಲಿ ಉಳಿಯಿತು.

ಒಂದು ದಿನ ಮೂಗು ಬರೆಯುತ್ತಾ ಮಾತು ತೆಗೆದೆ. ಸರ್, ನಮ್ಮ ಹುಡುಗನ ಮಗಳಿಗೆ ಆಪರೇಶನ್ನು, ಜಾಮೀನಿಲ್ಲದೆ ಒಂದು ಸಲ ಬಿಟ್ಟುಕೊಡಿ ಎಂದೆ. ಅವರು ಮುಖ ಅಲುಗಿಸದೆ, ಚಿತ್ರ ಕೆಡಬಾರದೆಂದು ತುಟಿಯನ್ನಷ್ಟೇ ಆಡಿಸುತ್ತಾ, "ನೋಡುವ. ಮೊದಲು ಇದೊಂದು ಗುಡ್ ಫ್ರೈಡೆ ಚಂದದಲ್ಲಿ ಮುಗಿಯಲಿ" ಎಂದರು.

ನೋಡುವ! ಆ ಪದದಲ್ಲಿ ಒಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ. ಆದರೂ ನಾನು ರೂಮಿಗೆ ಬಂದು, ಆಗ್ತೈತಿ ಅಂದಾರ ಎಂದು ಹೇಳಿದೆ. ಸುಳ್ಳು ಹೇಳಿದೆ.

ಅವನು ಇನ್ನೆರಡು ಸಲ ಫಾರಂ ಎತ್ತಿದ. ಎರಡನೆಯ ಸಲ ನಾನೇ ರೇಗಿದೆ. ಹೇಳೀನಲ್ಲೋ, ನನ್ನ ಮ್ಯಾಲ ನಂಬಿಗಿ ಇಲ್ಲೇನು ಎಂದೆ. ಅವನು ಫಾರಂ ಮಡಿಸಿ ದಿಂಬಿನ ಕೆಳಗಿಟ್ಟ. ಬೇರೆಯವರನ್ನೂ ಕೇಳಿದನಂತೆ, ಯಾರೂ ಒಪ್ಪಲಿಲ್ಲ. ಆ ಶುಕ್ರವಾರ ನಾನು ಮಾಡಿದ್ದು ಕೇಳಿ. ಬಲಗಡೆಯ ಕೈ ಬಾಕಿ ಇತ್ತಲ್ಲ, ಸ್ವಲ್ಪ ಜೋತುಬೀಳೋ ಎಂದೆ. ಅವನು ಎದ್ದು ಸರಳು ಹಿಡಿದ. ಈ ಸಲ ನಗಲಿಲ್ಲ. ಕೈ ಸೋತರೂ ಸಾಕೇನು ಎಂದು ಕೇಳಲಿಲ್ಲ, ಬೆರಳು ತಾವಾಗಿಯೇ ಒಂದೊಂದಾಗಿ ಬಿಟ್ಟುಕೊಂಡವು. ಆ ಕೈ ಮೊದಲನೆಯದಕ್ಕಿಂತ ಚೆನ್ನಾಗಿ ಬಂತು. ನಾನು ಖುಷಿಪಟ್ಟೆ. ಖುಷಿಪಟ್ಟೆ ಎಂದು ಬರೆಯುವಾಗ ಈ ಪೆನ್ನನ್ನು ಮುರಿದು ಹಾಕಬೇಕು ಅನ್ನಿಸುತ್ತದೆ.

ಸೋಮವಾರ ಬಂತು. ಅವನು ಗ್ಯಾರೇಜಿಗೆ ಹೋಗಲಿಲ್ಲ. ಕಂಪೌಂಡಿನ ಆಚೆಯ ಫೋನ್ ಬೂತಿನಲ್ಲಿ ಕಾರ್ಡು ಹಿಡಿದು ನಿಂತ. ಬಿಸಿಲು ಏರಿತು, ಬೂತಿನ ಗಾಜು ಮುಟ್ಟಲಾರದಷ್ಟು ಕಾದಿತ್ತು, ಅವನು ಹೊರಗೆ ಬರಲಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಲೈನು ಸಿಕ್ಕಿತು. ಮಗಳು ಹೊರಗೆ ಬಂದಿದ್ದಾಳೆ, ಉಸಿರಾಡುತ್ತಿದ್ದಾಳೆ. ಅವನು ಫೋನಿಟ್ಟು, ನನ್ನ ಮುಂದೆಯೇ ಹಾದು, ನನ್ನನ್ನು ನೋಡದೆ ರೂಮಿಗೆ ಹೋದ.

ಮರುದಿನ ಮ್ಯಾನೇಜರ್ ನೆಲಮಾಳಿಗೆಗೆ ಬಂದಾಗ ಸುದ್ದಿ ಹೇಳಿದೆ. ಅವರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. "ನೋಡಿದ್ರಾ? ನಮ್ಮ ಪ್ರೇಯರ್ ಗ್ರೂಪಿನಲ್ಲಿ ಮೊನ್ನೆ ಆ ಮಗುವಿಗಾಗಿ ಸ್ಪೆಷಲ್ ಪ್ರಾರ್ಥನೆ ಇಟ್ಟಿದ್ದೆ. ಪ್ರಾರ್ಥನೆಗೆ ಅಷ್ಟು ಶಕ್ತಿ ಉಂಟು" ಎಂದು ಹೇಳಿ ಮ್ಯಾಟಿನ ಮೇಲೆ ಮೊಣಕಾಲೂರಿದರು, ಕಣ್ಣು ಬರೆಸಿಕೊಳ್ಳಲು.

ನನ್ನ ಪಿತ್ತ ನೆತ್ತಿಗೇರಿತು. ಕಪಾಟು ನಿನ್ನ ಬೆನ್ನ ಹಿಂದೆ ಇತ್ತು, ಕೈ ಹಿಂದಕ್ಕೆ ಚಾಚಿದ್ದರೆ ಸಾಕಿತ್ತು, ದೇವರನ್ನು ಯಾಕೆ ಎಬ್ಬಿಸಿದೆ ಎಂದು ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ನನ್ನ ಪಾಸ್‌ಪೋರ್ಟೂ ಅದೇ ಕಪಾಟಿನಲ್ಲಿತ್ತು, ಮೇ ತಿಂಗಳ ಮದುವೆಯೂ ಒಂದು ರೀತಿಯಲ್ಲಿ ಅಲ್ಲೇ ಇತ್ತು. ಹಲ್ಲು ಕಚ್ಚಿಕೊಂಡು ಕಣ್ಣು ಬರೆದೆ.

ನಮ್ಮ ಮನೆತನದಲ್ಲಿ ಮೂರ್ತಿಗೆ ಕಣ್ಣು ಬಿಡಿಸುವುದು ಕಟ್ಟಕಡೆಗೆ. ಅದಾದ ಮೇಲೆ ಕುಂಚ ಮುಟ್ಟುವ ಹಾಗಿಲ್ಲ. ಕಣ್ಣು ಬಿಟ್ಟ ಕೂಡಲೇ ಎದುರಿಗೆ ಕನ್ನಡಿ ಹಿಡಿಯುತ್ತೇವೆ. ಅದು ಮೊದಲು ಏನನ್ನು ನೋಡುತ್ತದೋ ಅದರ ಹೊಣೆ ಬರೆದವನದು ಎನ್ನುತ್ತಿದ್ದ ಅಜ್ಜ. ಈ ಚಿತ್ರದ ಏಸುವಿಗೆ ಕಣ್ಣು ಮುಚ್ಚಿತ್ತು. ಬಿಡಿಸಲು ಉಳಿದದ್ದು ದಾನಿಯ ಕಣ್ಣು ಮಾತ್ರ. ಅವಕ್ಕೆ ಕನ್ನಡಿ ಹಿಡಿಯುವ ಮನಸ್ಸಾಗಲಿಲ್ಲ.

ಗುರುವಾರ ಒಬ್ಬನೇ ಇದ್ದಾಗ ಪದ್ಧತಿ ಮುರಿದು ಮತ್ತೆ ಕುಂಚ ಎತ್ತಿದೆ. ದಾನಿಯ ಕೈಯಲ್ಲಿದ್ದ ಕಂದು ಬಣ್ಣದ ಪ್ರಾರ್ಥನೆ ಪುಸ್ತಕದ ಮೇಲೆ ಕಡುನೀಲಿ ಬಳಿದೆ. ಅಳತೆ ಸಣ್ಣದು ಮಾಡಿದೆ. ರಟ್ಟಿನ ಮೇಲೆ ಚಿನ್ನದ ಬಣ್ಣದಲ್ಲಿ ನಾಲ್ಕು ಸಿಂಹದ ಗುರುತು ಹಾಕಿದೆ. ಇಡೀ ಕೊಂಕಣಿ ಸಂಘ ನೋಡಲಿ, ಇವರು ಶಿಲುಬೆಯ ಬುಡದಲ್ಲಿ ಕೂತು ಏನನ್ನು ಹಿಡಿದಿದ್ದಾರೆ ಎಂದು ತಿಳಿಯಲಿ, ನನ್ನನ್ನು ಒದ್ದು ಓಡಿಸಿದರೂ ಸರಿ ಎಂದುಕೊಂಡೆ.

ಶುಕ್ರವಾರ ಮಧ್ಯಾಹ್ನ ಇನ್ನೂರರಷ್ಟು ಜನ ನೆಲಮಾಳಿಗೆಯಲ್ಲಿ ಕಿಕ್ಕಿರಿದಿದ್ದರು. ಕದ ತೆರೆದರು. ಹೆಂಗಸರು ಆ ಕೈಗಳನ್ನು ನೋಡಿ ಸೆರಗಿನಿಂದ, ಕರ್ಚೀಫಿನಿಂದ ಕಣ್ಣೊರೆಸಿಕೊಂಡರು. ಒಬ್ಬ ಮುದುಕರು ಮುಂದೆ ಬಂದು ಬಲಗಡೆಯ ಕೈಗೆ ಮುತ್ತಿಟ್ಟರು. ಆ ಕೈಯವನು ಅದೇ ಹೊತ್ತಿನಲ್ಲಿ ಶುವೈಖ್‌ನಲ್ಲಿ ಓವರ್‌ಟೈಮ್ ಮಾಡುತ್ತಿದ್ದ. ನಾನು ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಅಳಿ, ಚೆನ್ನಾಗಿ ಅಳಿ, ಪ್ಲೈವುಡ್ಡಿಗೆ ಅಳುವುದು ಸುಲಭ ಎಂದು ಮನಸ್ಸಿನಲ್ಲೇ ಬೈಯುತ್ತಿದ್ದೆ.

ನೀಲಿ ಪುಸ್ತಕ? ಯಾರಿಗೂ ಹೊಳೆಯಲಿಲ್ಲ. ಮ್ಯಾನೇಜರ್ ನನ್ನ ಬೆನ್ನು ತಟ್ಟಿ, "ಆ ಪ್ರೇಯರ್ ಬುಕ್ಕಿನ ಗಿಲ್ಟು ಭಾರೀ ಚಂದ ಬಂದಿದೆ" ಎಂದರು. ಬೆನ್ನು ತಟ್ಟಿದ ಜಾಗ ಇಡೀ ದಿನ ಉರಿಯಿತು.

ಅವರ ಹೆಂಡತಿಗೆ ಮಾತ್ರ ಹೊಳೆಯಿತು. ಎಲ್ಲರೂ ಹೋದ ಮೇಲೆ ಅವರು ಎಡಗಡೆಯ ಕದದ ಹತ್ತಿರ ಬಗ್ಗಿ ನೋಡಿ, ನನ್ನ ಕಡೆ ತಿರುಗಿ, "ಇದು ಯಾರದ್ದು?" ಎಂದು ಕೇಳಿದರು. ಹೇಳಿದೆ. ಜಾಮೀನು, ಫಾರಂ, ಸೋಮವಾರ ಎಲ್ಲ ಹೇಳಿದೆ. ನನ್ನನ್ನೇ ಸಹಿ ಕೇಳಿದ್ದ ಎಂಬುದನ್ನು ಹೇಳಲಿಲ್ಲ.

ಶನಿವಾರ ಆಫೀಸು ತೆರೆದ ಕೂಡಲೇ ಪಾಸ್‌ಪೋರ್ಟು ಹೊರಗೆ ಬಂತು. ಜಾಮೀನಿಲ್ಲ, ಫಾರಂ ಇಲ್ಲ. ಫೈಲಿನಲ್ಲಿ ಮ್ಯಾನೇಜರ್ ಒಂದು ಸಾಲು ಬರೆದರಂತೆ, ಖಲಾಸ್. ಒಂದೇ ಸಾಲು! ಆ ಸಾಲಿಗೆ ಎಷ್ಟು ಮಸಿ ಬೇಕಿತ್ತು? ಹತ್ತು ದಿನ ಮೊದಲು ಬರೆದಿದ್ದರೆ ಪೆನ್ನು ಒಣಗುತ್ತಿತ್ತೇ? ಇದನ್ನು ನಾನು ವರ್ಷಗಟ್ಟಲೆ ಎಲ್ಲರ ಮುಂದೆ ಕೇಳುತ್ತಾ ಬಂದಿದ್ದೇನೆ. ಕೇಳುವುದು ಸುಲಭ. ಯಾಕೆಂದರೆ ಆ ಪ್ರಶ್ನೆ ಅವರಿಗೆ ಎಷ್ಟು ಸಲ್ಲುತ್ತದೋ ನನಗೂ ಅಷ್ಟೇ ಸಲ್ಲುತ್ತದೆ ಎಂದು ನನ್ನ ಮಾತು ಕೇಳಿಸಿಕೊಂಡವರಿಗೆ ಗೊತ್ತಿರಲಿಲ್ಲ.

ಅವನು ಊರಿಗೆ ಹೋದ. ಮೇ ತಿಂಗಳಲ್ಲಿ ನಾನೂ ಹೋಗಿ ಮದುವೆಯಾಗಿ ಬಂದೆ. ಜೂನ್ ಮಧ್ಯದಲ್ಲಿ, ಹೇಳಿದ ಮಾತಿನಂತೆ ಸರಿಯಾಗಿ ಎರಡು ತಿಂಗಳಿಗೆ, ಅವನು ಮರಳಿ ಬಂದ. ರೂಮು ಬದಲಿಸಿಕೊಂಡ. ಹಾಸಿಗೆ ಸುತ್ತಲು ಬಂದ ದಿನ, ಮಗಳು ಹೆಂಗದಾಳೋ ಎಂದು ಕೇಳಿದೆ.

"ಛಲೋ ಅದಾಳ. ಓಡ್ತಾಳ" ಎಂದ. ದಿಂಬಿನ ಕೆಳಗೆ ಆ ಫಾರಂ ಇನ್ನೂ ಇತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಧಾನವಾಗಿ ಹೇಳಿದ. "ಅವತ್ತ ಆಕಿ ಒಳಗ ಹೋಗಾಕ ಒಲ್ಲೆ ಅಂದ್ಲಂತ. ನಮ್ಮ ಹೆಂಡ್ತಿ ತಮ್ಮಗ ನನ್ನ ಅಂಗಿ ಹಾಕಿಸಿ ಬಾಗಲದಾಗ ನಿಂದರಿಸ್ಯಾರ. ದೂರಿಂದ ನೋಡಿ, ಅಪ್ಪ ಬಂದಾನ ಅಂತ ಹೋಗ್ಯಾಳ. ನಾ ಊರಿಗೆ ಹೋದ ಮ್ಯಾಲ ನನ್ನ ಹತ್ರ ಬರವಲ್ಲಳು. ಎಂಟು ದಿನದ ಮ್ಯಾಲ ಕೇಳಿದ್ಲು, ಬಾಗಲದಾಗ ನಿಂತಿದ್ದಿ, ನಾ ಅಳಾಕತ್ತಿದ್ದೆ, ಒಳಗ ಯಾಕ ಬರಲಿಲ್ಲ ಅಂತ."

ಅವನು ಫಾರಂ ನನ್ನ ಮಂಚದ ಮೇಲಿಟ್ಟು, ಹಾಸಿಗೆ ಹೆಗಲಿಗೇರಿಸಿ ಹೋದ. ಜಾಮೀನುದಾರನ ಸಹಿಯ ಜಾಗದಲ್ಲಿ ಪೆನ್ಸಿಲಿನಿಂದ ನನ್ನ ಹೆಸರು ಬರೆದಿತ್ತು. ನಾನು ಸಹಿ ಹಾಕಿಯೇ ಹಾಕುತ್ತೇನೆಂದು ಮೊದಲೇ ಬರೆದಿಟ್ಟುಕೊಂಡಿದ್ದ.

ಆಮೇಲೆ ಮ್ಯಾನೇಜರ್ ಒಂದು ದಿನ, ಆ ಖಾಲಿ ಕದ ಚಂದ ಕಾಣುವುದಿಲ್ಲ, ಯಾವುದಾದರೂ ಸಂತರನ್ನು ಬರೆಯಿರಿ ಎಂದು ನೆಲಮಾಳಿಗೆಯ ಬೀಗದ ಕೈ ಕೊಟ್ಟರು. ಕರಾಟೆ ಹುಡುಗರ ಕನ್ನಡಿಯೊಂದು ಗೋಡೆಗೆ ಒರಗಿತ್ತು. ಅದನ್ನು ಎದುರಿಗಿಟ್ಟುಕೊಂಡು ಬರೆದೆ. ಹಳೆಯ ಕಾಲದ ನಿಲುವಂಗಿ ತೊಡಿಸಿ, ಗಡ್ಡ ಹಚ್ಚಿದೆ. ಯಾರೂ ಗುರುತಿಸಲಿಲ್ಲ. ಯಾವ ಸಂತ ಎಂದು ಕೇಳಿದವರಿಗೆ, ಹಾಳೆಯಲ್ಲಿ ಇದ್ದ ಹಾಗೆ ಬರೆದಿದ್ದೇನೆ ಎಂದೆ. ಮೊಣಕಾಲೂರಿಸಲಿಲ್ಲ, ಮ್ಯಾನೇಜರಿಗಿದ್ದ ಆ ಯೋಗ್ಯತೆಯೂ ನನಗೆ ಇದೆ ಅನ್ನಿಸಲಿಲ್ಲ. ಬಿಜಾಗರಿಯ ಪಕ್ಕದಲ್ಲೇ, ಬಾಗಿಲಲ್ಲಿ ನಿಂತವನ ಹಾಗೆ ನಿಲ್ಲಿಸಿದೆ. ಕೈಯಲ್ಲಿ ಮುಚ್ಚಳ ತೆಗೆಯದ ಒಂದು ಪೆನ್ನು.

ಕಟ್ಟಕಡೆಗೆ ಆ ಸಂತನ ಕಣ್ಣು ಬಿಡಿಸಿದೆ. ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ಚೌಕಟ್ಟಿನ ಅಂಚು ಒಂದು ಬೆರಳು ಎತ್ತರವಿದ್ದುದರಿಂದ ಹಸಿ ಬಣ್ಣ ತಾಗುವ ಭಯವಿರಲಿಲ್ಲ. ಕದವನ್ನು ನಿಧಾನವಾಗಿ ಮುಚ್ಚಿದೆ. ಮುಚ್ಚಿದರೆ ಆ ಮುಖ ಸರಿಯಾಗಿ ಶಿಲುಬೆಯ ಬಲಗಡೆಯ ಕೈಯ ಎದುರಿಗೆ ಬರುತ್ತದೆ, ಅಳತೆ ಮಾಡಿಯೇ ಬರೆದಿದ್ದೆ.